ಮಿಷನರಿಗಳ ಭಾಷಾಕಲಿಕೆ ಮತ್ತು ಸೇಡಂ ಸೀಮೆಯ ಕನ್ನಡ

ಹತ್ತೊಂಬತ್ತನೆಯ ಶತಮಾನದಲ್ಲಿ ಕರ್ನಾಟಕಕ್ಕೆ ಬಂದ ವಿದೇಶಿ ಮಿಷನರಿಗಳ ನಿಘಂಟು, ವ್ಯಾಕರಣ ಹಾಗೂ ಗ್ರಂಥಸಂಪಾದನೆಗಳ ಬಗೆಗೆ ಸಾಕಷ್ಟು ಚರ್ಚೆ ನಡೆದಿದೆ. ಆದರೆ ಈ ವಿದ್ವಾಂಸರು ಮೊದಲು ಭಾಷಾವಿದ್ಯಾರ್ಥಿಗಳಾಗಿದ್ದರು. ಪರದೇಶದ ಊರೊಂದರಲ್ಲಿ ನೆಲೆಸಿ, ಅಲ್ಲಿಯ ಜನರ ನಡುವೆ ದಿನ ಕಳೆಯುತ್ತ ಕನ್ನಡ ಕಲಿತವರು. ಅವರು ಎಲ್ಲಿ ನೆಲೆಸಿದರು ಎಂಬ ಸಂಗತಿಯು ಯಾವ ಕನ್ನಡ ದಾಖಲಾಯಿತು ಎಂಬುದನ್ನೂ ನಿರ್ಧರಿಸಿತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಪರಿಸರದ ಕನ್ನಡವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಅಗತ್ಯವಾಗಿದೆ.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅದೇ ಮಿಷನ್ನಿನ ವಿಲಿಯಂ ರೀವ್ ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿಯೂ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿಯೂ ಪ್ರಕಟವಾದವು. ಬಾಸೆಲ್ ಮಿಷನ್ನಿನ ಮೊದಲ ತಂಡ ಮಂಗಳೂರನ್ನು ತಲುಪಿದ್ದು 1834ರಲ್ಲಿ. ಹೊಸದಾಗಿ ಬಂದ ಮಿಷನರಿಗೆ ಆರಂಭದ ಕಾಲವೆಲ್ಲ ಭಾಷಾಭ್ಯಾಸಕ್ಕೇ ಮೀಸಲು. ಮುನ್ಶಿಯ ಎದುರು ಕುಳಿತು ಅಕ್ಷರ ತಿದ್ದುವುದು, ಕಾವ್ಯವನ್ನು ಬಿಡಿಸಿ ಓದುವುದು ಕಲಿಕೆಯ ಒಂದು ಭಾಗ. ಸಂತೆ, ಜಾತ್ರೆ, ಶಾಲೆ, ಹಳ್ಳಿಯ ಕಟ್ಟೆಗಳಲ್ಲಿ ಜನರೊಡನೆ ಮಾತಾಡುವುದು ಇನ್ನೊಂದು ಭಾಗ. ಪಂಡಿತನ ಕನ್ನಡವಷ್ಟನ್ನೇ ಕಲಿತವನು ಸಂತೆಯಲ್ಲಿ ಮೂಕನಾಗುತ್ತಿದ್ದನು; ಸಂತೆಯ ಕನ್ನಡವಷ್ಟನ್ನೇ ಬಲ್ಲವನಿಗೆ ಗ್ರಂಥದ ಬಾಗಿಲು ತೆರೆಯುತ್ತಿರಲಿಲ್ಲ.

1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಲ್ಲಿ ವಿದ್ಯಾರ್ಥಿಗಳ ಜೊತೆಯಲ್ಲಿಯೇ ವಾಸಿಸಿದರು. 1843ರಲ್ಲಿ ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’ ಪತ್ರಿಕೆಯ ಸರಳ ಗದ್ಯಕ್ಕೂ ಈ ಸಹವಾಸಕ್ಕೂ ಸಂಬಂಧವಿದೆ ಎನ್ನಬಹುದು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರು ಧಾರವಾಡದಲ್ಲಿ ಕಲಿಕೆಯನ್ನು ಆರಂಭಿಸಿ, ಮುಂದೆ ಮಂಗಳೂರು, ಮಡಿಕೇರಿಗಳಲ್ಲಿ ಅದನ್ನು ಬೆಳೆಸಿದರು. ಕನ್ನಡಿಗರ ನಡುವೆ ಕನ್ನಡಿಗನಂತೆ ಬದುಕಬೇಕೆಂಬ ಹಂಬಲ ಅವರದಾಗಿತ್ತು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿಯೂ ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿಯೂ ಸಂಪಾದಿಸಿದ ಅವರು 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು.

ಈ ನಿಘಂಟು ಗ್ರಂಥಸ್ಥ ಪದಗಳಿಗೆ ಸೀಮಿತವಾಗಿಲ್ಲ. ಆಡುಮಾತಿನ ಪದಗಳಿಗೆ ಅವು ಬಳಕೆಯಲ್ಲಿರುವ ಪ್ರದೇಶದ ಸಂಕೇತವನ್ನು ಕಿಟ್ಟೆಲ್ ಕೊಡುತ್ತಾರೆ. ಮೈಸೂರು ಮತ್ತು ದಕ್ಷಿಣ ಮರಾಠಾ ಸೀಮೆಗಳು, ಅಂದರೆ ಧಾರವಾಡದ ಸುತ್ತಣ ಭಾಗವೂ ಸೇರಿದಂತೆ, ಹೀಗೆ ಗುರುತಾದ ಪ್ರದೇಶಗಳಲ್ಲಿ ಮುಖ್ಯವಾದವು. ಕಲಬುರಗಿಯು ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ಬಾಸೆಲ್ ಮಿಷನ್ನಿನ ಕೇಂದ್ರಗಳು ಇಲ್ಲಿರಲಿಲ್ಲ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲುಮಾರ್ಗ ತೆರೆದು ಈ ಸೀಮೆಯು ಹೊರಜಗತ್ತಿಗೆ ಹತ್ತಿರವಾದರೂ ನಿಘಂಟುಕಾರನ ಮುನ್ಶಿಯಾಗಲಿ, ನೆರೆಯವನಾಗಲಿ ಸೇಡಮಿನವನಾಗಿರಲಿಲ್ಲ. ಮುಂದೆ ಅಮೆರಿಕದ ಮೆಥಡಿಸ್ಟ್ ಮಿಷನ್ ಕಲಬುರಗಿ, ಬೀದರ ಭಾಗಗಳಲ್ಲಿ ಕೆಲಸ ಮಾಡಿತು. ಆದರೆ ಕಿಟ್ಟೆಲ್ ನಿಘಂಟಿಗೆ ಸಮನಾದ ಕೃತಿಯೊಂದು ಈ ನೆಲದಿಂದ ಹೊರಬರಲಿಲ್ಲ.

ಇಲ್ಲಿ ಒಂದು ಚಾರಿತ್ರಿಕ ವಿಪರ್ಯಾಸವನ್ನು ಗಮನಿಸಬೇಕು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಇರುವುದು ಸೇಡಂ ತಾಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ. ನೃಪತುಂಗನ ಆಸ್ಥಾನದ ಶ್ರೀವಿಜಯನು ಒಂಬತ್ತನೆಯ ಶತಮಾನದಲ್ಲಿ ರಚಿಸಿದ ‘ಕವಿರಾಜಮಾರ್ಗ’ವು ಕನ್ನಡದ ತಿರುಳನ್ನು ಗುರುತಿಸುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡಿನಲ್ಲಿ, ರಾಜಧಾನಿಯ ಸುತ್ತಣ ನೆಲದಲ್ಲಿ ಅಲ್ಲ. ಸಾವಿರ ವರ್ಷಗಳ ತರುವಾಯ ಕಿಟ್ಟೆಲ್ ಅವರು ಕನ್ನಡ ಕಲಿಯತೊಡಗಿದ ಧಾರವಾಡವು ಆ ತಿರುಳ್ಗನ್ನಡ ನಾಡಿಗೆ ಹೊಂದಿಕೊಂಡೇ ಇದೆ. ಹೀಗೆ ಪ್ರಮಾಣಭಾಷೆಯ ಪರಿಕಲ್ಪನೆಯಲ್ಲಿ ಒಮ್ಮೆ, ನಿಘಂಟಿನ ಕ್ಷೇತ್ರದಲ್ಲಿ ಇನ್ನೊಮ್ಮೆ ಸೇಡಂ ಸೀಮೆಯ ಆಡುನುಡಿಯು ಅಂಚಿಗೆ ಸರಿಯಿತು. ‘ಕವಿರಾಜಮಾರ್ಗ’ವನ್ನು ಕೆ.ಬಿ. ಪಾಠಕರು ಮುದ್ರಿಸಿ ಪ್ರಕಟಿಸಿದ್ದು ಕೂಡ 1898ರಲ್ಲಿ, ನಿಘಂಟು ಹೊರಬಂದ ನಾಲ್ಕು ವರ್ಷಗಳ ನಂತರ.

ಗ್ರಂಥದಿಂದ ಕನ್ನಡ ಕಲಿತ ಪರಸ್ಥಳದವನು ಈ ಸೀಮೆಯಲ್ಲಿ ಎದುರಿಸುವ ತೊಡಕುಗಳು ಸ್ವಾರಸ್ಯಕರವಾಗಿವೆ. ‘ಮನೆ’ ಇಲ್ಲಿ ‘ಮನಿ’, ‘ಮನೆಯಲ್ಲಿ’ ಎಂಬುದು ‘ಮನ್ಯಾಗ’, ‘ಇದೆ’ ಎಂಬುದು ‘ಅದ’. ‘ಹತ್ತು’ ಧಾತುವಿನ ಅರ್ಥ ಯಾವ ನಿಘಂಟಿನಲ್ಲಿಯೂ ದೊರೆಯುತ್ತದೆ. ಆದರೆ ‘ಬರಲಕತ್ತೀನಿ’ ಎಂಬಲ್ಲಿ ಅದೇ ಧಾತು ಕರಗಿ, ಕ್ರಿಯೆಯು ನಡೆಯುತ್ತಿರುವುದನ್ನು ಸೂಚಿಸುವ ಪ್ರತ್ಯಯದಂತೆ ನಿಂತಿರುವುದನ್ನು ಕಿವಿಯೇ ಕಲಿಸಬೇಕು. ‘ಏನ್ರಿ’, ‘ಹೌದ್ರಿ’ ಎಂಬಲ್ಲಿಯ ‘ರಿ’ಯನ್ನು ಬಿಟ್ಟು ಹಿರಿಯರೊಡನೆ ಮಾತಾಡಿದರೆ ವ್ಯಾಕರಣ ಶುದ್ಧವಾಗಿದ್ದರೂ ನಡತೆ ತಪ್ಪಾಗುತ್ತದೆ. ಶಹಾಬಾದಿನ ಕಲ್ಲು ‘ಫರಸಿ’, ಆಸ್ಪತ್ರೆ ‘ದವಾಖಾನಿ’. ಸೇಡಂ, ಚಿಂಚೋಳಿ ತಾಲೂಕುಗಳ ಗಡಿಹಳ್ಳಿಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಪೇಟೆಗಳಲ್ಲಿ ದಖನಿ ಉರ್ದು ಕನ್ನಡದೊಡನೆ ಬೆರೆಯುತ್ತವೆ. ಒಬ್ಬನೇ ವ್ಯಕ್ತಿ ದಿನದಲ್ಲಿ ಎರಡು-ಮೂರು ಭಾಷೆಗಳನ್ನು ಬಳಸುವುದು ಇಲ್ಲಿ ಸಾಮಾನ್ಯ. ಇದನ್ನು ಅಶುದ್ಧ ಕನ್ನಡವೆಂದು ತಿಳಿಯುವುದು ಸರಿಯಲ್ಲ. ಇದು ತನ್ನದೇ ನಿಯಮಗಳುಳ್ಳ ಭಾಷಾಪ್ರಭೇದ.

ಮಿಷನರಿಗಳ ಉದ್ದೇಶ ಧರ್ಮಪ್ರಸಾರವಾಗಿತ್ತೆಂಬುದನ್ನು ಮರೆಯುವಂತಿಲ್ಲ. ಅವರು ಬರೆದಿಟ್ಟ ಮಾತುಗಳ ಹಿಂದೆ ಹೆಸರು ಉಳಿಯದ ಅನೇಕ ಮುನ್ಶಿಗಳ, ಊರವರ ಅರಿವು ಇದೆಯೆಂಬುದನ್ನೂ ಮರೆಯಲಾಗದು. ಆದರೂ ಜನರ ನಡುವೆ ನೆಲೆಸಿ, ಕೇಳಿದ ಮಾತಿಗೆ ಊರಿನ ಗುರುತನ್ನು ಬರೆದಿಡುವ ಅವರ ವಿಧಾನ ಇಂದಿಗೂ ಅನುಕರಣೀಯ. 1960ರ ದಶಕದಿಂದೀಚೆಗೆ ಭಾಷಾವಿಜ್ಞಾನಿಗಳು ಕಲಬುರಗಿ ಕನ್ನಡವನ್ನು ಪ್ರತ್ಯೇಕ ಉಪಭಾಷೆಯಾಗಿ ಗುರುತಿಸಿದ್ದಾರೆ. ಅದರ ಮುಂದುವರಿಕೆಯಾಗಿ ತೊಗರಿ ಹೊಲ, ಫರಸಿ ಗಣಿ, ರೈಲು ನಿಲ್ದಾಣ, ಅಡುಗೆಮನೆಗಳ ಪದಕೋಶವನ್ನು ಊರೂರಿಗೆ ಹೋಗಿ ಸಂಗ್ರಹಿಸಬೇಕಾಗಿದೆ. ಈ ಪದಗಳನ್ನು ಬಲ್ಲ ಹಿರಿಯ ತಲೆಮಾರು ಇನ್ನೂ ಇರುವಾಗಲೇ ಈ ಕಾರ್ಯ ನಡೆಯುವುದು ಉಚಿತ.