ಮನೆ ಹೋದಲ್ಲಿಗೆ ಶಾಲೆ ಹೋಗಲಿಲ್ಲ

ವಡೋದರದ ಫತೇಗಂಜ್ ಒಂದು ಕಾಲಕ್ಕೆ ಬ್ರಿಟಿಷರ ದಂಡು ಇದ್ದ ಪ್ರದೇಶ. 1949ರಲ್ಲಿ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅದು ಕಾಲೇಜು ಹುಡುಗರ ಬಡಾವಣೆಯಾಯಿತು. ಹಾಸ್ಟೆಲು, ತಿಂಡಿ ಅಂಗಡಿ, ಪಿ.ಜಿ.ಗಳಿಂದ ಅಲ್ಲಿನ ಬೀದಿಗಳು ತುಂಬಿವೆ. ಇಂಥ ಕಡೆ ಮನೆ ಮಾಲೀಕರ ಲೆಕ್ಕ ಸರಳ: ಒಂದು ಸಂಸಾರ ಕೊಡುವ ಬಾಡಿಗೆಗಿಂತ ಅದೇ ಮನೆಯಲ್ಲಿ ಇಳಿದುಕೊಂಡ ನಾಲ್ವರು ವಿದ್ಯಾರ್ಥಿಗಳು ತಲೆಗಿಷ್ಟೆಂದು ಕೊಡುವ ಹಣ ಹೆಚ್ಚು. ಪುಟ್ಟ ಮಕ್ಕಳಿರುವ, ಕೈಯಲ್ಲಿ ಕಾಸು ಕಡಿಮೆಯಿರುವ ಕುಟುಂಬ ಊರಿನ ಅಂಚಿಗೆ ಸರಿಯುತ್ತದೆ. ಒಂದನೇ ತರಗತಿಗೆ ಎಷ್ಟು ಮಕ್ಕಳು ಸೇರುತ್ತಾರೆಂಬುದು ಎಷ್ಟೋ ಸಲ ಬಾಡಿಗೆ ಮಾತುಕತೆಯಲ್ಲೇ ತೀರ್ಮಾನವಾಗಿರುತ್ತದೆ.

ಮಗು ಇರುವಲ್ಲಿಗೆ ಶಾಲೆ ಬರಬೇಕೆಂದು ಈ ದೇಶದಲ್ಲಿ ಮೊದಲು ಕಾನೂನು ಮಾಡಿದ ಸಂಸ್ಥಾನಗಳ ಸಾಲಿನಲ್ಲಿ ಎದ್ದು ಕಾಣುವುದು ಇದೇ ವಡೋದರ, ಅಂದಿನ ಬರೋಡ. ಮೂರನೇ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮ್ರೇಲಿ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಪ್ರಯೋಗ ಶುರುಮಾಡಿದರು; 1906ರಲ್ಲಿ ಇಡೀ ಸಂಸ್ಥಾನಕ್ಕೆ ಅದು ಅನ್ವಯವಾಯಿತು. ಮಗುವನ್ನು ಶಾಲೆಗೆ ಕಳಿಸದ ತಂದೆತಾಯಿಗೆ ದಂಡವಿತ್ತು. 1911ರಲ್ಲಿ ಗೋಪಾಲಕೃಷ್ಣ ಗೋಖಲೆ ಅಂಥದೇ ಮಸೂದೆಯನ್ನು ಇಡೀ ಭಾರತಕ್ಕಾಗಿ ಮಂಡಿಸಿದಾಗ ಅವರಿಗೆ ಎದುರಿಗಿದ್ದ ಉದಾಹರಣೆ ಬರೋಡ. ಬ್ರಿಟಿಷ್ ಸರ್ಕಾರ ಮಸೂದೆಯನ್ನು ಬೀಳಿಸಿತು. ಆ ಕಾಲದಲ್ಲಿ ಊರು ನಿಂತ ಕಡೆ ನಿಂತಿತ್ತು. ಮುಂದೆ ಊರೇ ನಡೆಯತೊಡಗಿತು.

ನಗರ ಬೆಳೆದಾಗ ಶಾಲೆಗೆ ಜಾಗ ಎಲ್ಲಿಂದ ಬರಬೇಕು? 1976ರ ಗುಜರಾತ್ ನಗರ ಯೋಜನಾ ಕಾಯ್ದೆಯಲ್ಲಿ ಅದಕ್ಕೆ ಉತ್ತರವಿದೆ. ಊರಂಚಿನ ಹೊಲಗಳನ್ನೆಲ್ಲ ಒಟ್ಟುಗೂಡಿಸಿ, ರಸ್ತೆ ಎಳೆದು, ಮಾಲೀಕರಿಗೆ ಚಿಕ್ಕದಾದ, ಆದರೆ ಬೆಲೆ ಏರಿದ ನಿವೇಶನ ಮರಳಿಸುವ ‘ಟಿ.ಪಿ. ಸ್ಕೀಮ್’ ಇದು. ಒಟ್ಟು ಜಾಗದಲ್ಲಿ ರಸ್ತೆಗೆ ಶೇ 15, ಉದ್ಯಾನ ಮತ್ತು ಆಟದ ಬಯಲಿಗೆ ಶೇ 5, ಶಾಲೆ, ದವಾಖಾನೆಯಂಥ ಸೌಲಭ್ಯಗಳಿಗೆ ಶೇ 5 ಎಂದು ಕಾಯ್ದೆ ಗೆರೆ ಹಾಕಿದೆ. ತೊಡಕು ನಂತರದ್ದು. ರಸ್ತೆ ಬಂದೊಡನೆ ನೆಲದ ಬೆಲೆ ಏರುತ್ತದೆ, ಫ್ಲ್ಯಾಟುಗಳು ಏಳುತ್ತವೆ. ಅವನ್ನು ಕೊಳ್ಳಬಲ್ಲವರು ಮಕ್ಕಳನ್ನು ಖಾಸಗಿ ಶಾಲೆಯ ಬಸ್ಸು ಹತ್ತಿಸುತ್ತಾರೆ; ಪಾಲಿಕೆ ಶಾಲೆಯನ್ನೇ ನಂಬಿದವರಿಗೆ ಅಲ್ಲಿ ಮನೆ ಎಟುಕುವುದಿಲ್ಲ.

ಇದರ ಕಟು ರೂಪವನ್ನು ನೋಡಬೇಕೆಂದರೆ ಅಹಮದಾಬಾದಿಗೆ ಹೋಗಬೇಕು. ಸಾಬರಮತಿಯ ಎರಡೂ ದಂಡೆಗಳನ್ನು ಸುಮಾರು 11 ಕಿ.ಮೀ. ಉದ್ದಕ್ಕೆ ಕಟ್ಟಿ ಅಂದಗೊಳಿಸಲು 1997ರಲ್ಲಿ ನಿಗಮವೊಂದು ಸ್ಥಾಪನೆಯಾಯಿತು. 2005ರಲ್ಲಿ ಕಾಮಗಾರಿ ಶುರುವಾಯಿತು. ದಂಡೆಯ ಗುಡಿಸಲುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿದ್ದವು. ಅವರು ‘ಸಾಬರಮತಿ ನಾಗರಿಕ್ ಅಧಿಕಾರ್ ಮಂಚ್’ ಕಟ್ಟಿಕೊಂಡು ಅದೇ ವರ್ಷ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದರಿಂದಲೇ ಪುನರ್ವಸತಿಯ ಹಕ್ಕು ಸಿಕ್ಕಿತು. ಮನೆಗಳೇನೋ ಸಿಕ್ಕವು, ಆದರೆ ಬಹಳಷ್ಟು ಮನೆಗಳಿದ್ದದ್ದು ವಟ್ವಾ, ಓಢವ್‌ನಂಥ ದೂರದ ಕೈಗಾರಿಕಾ ಅಂಚುಗಳಲ್ಲಿ. ಹಂಚಿಕೆ ಲಾಟರಿಯಿಂದ ನಡೆದು ಅಕ್ಕಪಕ್ಕದವರೂ ಚದುರಿದರು.

ದಂಡೆಯ ಮೇಲಿದ್ದಾಗ ಮಗು ಹಳೇ ಪೇಟೆಯ ಶಾಲೆಗೆ ನಡೆದು ಹೋಗುತ್ತಿತ್ತು. 2011ರ ನವೆಂಬರಿನಲ್ಲಿ, ಶಾಲಾ ವರ್ಷದ ನಡುವೆಯೇ, ಗುಡಿಸಲುಗಳು ಉರುಳಿದವು. ಹೊಸ ಕಟ್ಟಡದಿಂದ ಹಳೇ ಶಾಲೆಗೆ ಎರಡು ಬಸ್ಸು ಹಿಡಿಯಬೇಕೆಂದರೆ ಅಮ್ಮ ಕೂಲಿ ಬಿಟ್ಟು ಜೊತೆಗೆ ಹೋಗಬೇಕು, ಇಲ್ಲವೇ ಮಗು ಮನೆಯಲ್ಲಿ ಉಳಿಯಬೇಕು. ಎಷ್ಟೋ ಮಕ್ಕಳು ಶಾಲೆ ಬಿಟ್ಟರೆಂದು ಪುನರ್ವಸತಿ ಕಾಲೊನಿಗಳನ್ನು ಅಧ್ಯಯನ ಮಾಡಿದವರು ಬರೆದಿದ್ದಾರೆ. ಗೋಡೆ, ನಲ್ಲಿ, ಶೌಚಾಲಯ ಎಲ್ಲ ಯೋಜನೆಯಲ್ಲಿತ್ತು. ಮನೆಯ ಬೀಗದ ಕೈ ಕೊಟ್ಟ ದಿನವೇ ಶಾಲೆಯ ಬಾಗಿಲೂ ತೆರೆದಿರಬೇಕೆಂಬ ಹೊಣೆ ಮಾತ್ರ ಯಾರ ಮೇಲೂ ಬಿದ್ದಿರಲಿಲ್ಲ.

ಅದೇ ಊರಿನ ಮಣಿನಗರದಲ್ಲಿ ಒಂದು ತಮಿಳು ಮಾಧ್ಯಮ ಶಾಲೆಯಿತ್ತು. ಹತ್ತಿಗಿರಣಿಗಳ ಸುತ್ತ ನೆಲೆಯೂರಿದ್ದ ದುಡಿಮೆಗಾರರ ಮಕ್ಕಳು ಓದುತ್ತಿದ್ದ ಶಾಲೆ. 1980ರ ದಶಕದಿಂದ ಗಿರಣಿಗಳು ಸಾಲಾಗಿ ಮುಚ್ಚಿದವು, ಕುಟುಂಬಗಳು ಚೆದುರಿದವು. 2020ರಲ್ಲಿ, ದಾಖಲಾತಿ ಕುಸಿದಿದೆಯೆಂದು ಶಾಲೆ ಮುಚ್ಚಿತು. ಖರ್ಚು ನಾವೇ ಭರಿಸುತ್ತೇವೆ ಎಂದು ತಮಿಳುನಾಡಿನ ಅಂದಿನ ಮುಖ್ಯಮಂತ್ರಿ ಎಡಪ್ಪಾಡಿ ಪಳನಿಸ್ವಾಮಿ ಪತ್ರ ಬರೆದರು. ಆದರೆ ಶಾಲೆಗೆ ಬೇಕಿದ್ದದ್ದು ಹಣಕ್ಕಿಂತ ಮೊದಲು ನಡೆದು ಬರುವ ದೂರದಲ್ಲಿ ಮನೆಗಳು.

ಇದಕ್ಕೆ ಸೂರತ್ ಬೇರೆಯೇ ಉತ್ತರ ಕೊಡುತ್ತದೆ. ಅಲ್ಲಿಯ ಪಾಲಿಕೆ ಶಾಲೆಗಳಲ್ಲಿ ಗುಜರಾತಿ, ಹಿಂದಿ, ಮರಾಠಿ, ಉರ್ದು, ಒಡಿಯಾ, ತೆಲುಗು, ಇಂಗ್ಲಿಷ್ ಹೀಗೆ ಏಳು ಮಾಧ್ಯಮಗಳು. ವಿದ್ಯುತ್ ಮಗ್ಗಗಳಿಗೆ ದುಡಿಯಲು ಬಂದವರ ಹಿಂದೆ ಅವರ ಭಾಷೆಯೂ ಶಾಲೆಗೆ ಬಂತು. ಆದರೂ ಗಂಜಾಂ ಜಿಲ್ಲೆಯ ಎಷ್ಟೋ ಒಡಿಯಾ ಮಗ್ಗದಾಳುಗಳು ಇಂದಿಗೂ ಮೆಸ್ ಕೋಣೆಗಳಲ್ಲಿ ಪಾಳಿಯ ಮೇಲೆ ಮಲಗುತ್ತಾರೆ: ಒಬ್ಬ ಎದ್ದು ಮಗ್ಗಕ್ಕೆ ಹೊರಟರೆ ಆ ಜಾಗದಲ್ಲಿ ಇನ್ನೊಬ್ಬ. ಹಾಗೆ ಬದುಕುವವನ ಹೆಂಡತಿ ಮಕ್ಕಳು ಊರಲ್ಲೇ ಉಳಿಯುತ್ತಾರೆ. ಒಂದು ಖೋಲಿಯ ಬಾಡಿಗೆ ಕಟ್ಟುವ ಶಕ್ತಿ ಬಂದಾಗಷ್ಟೇ ಸಂಸಾರ ಬರುತ್ತದೆ, ಒಡಿಯಾ ಮಾಧ್ಯಮದ ಹಾಜರಿ ಪುಸ್ತಕದಲ್ಲಿ ಹೊಸ ಹೆಸರು ಸೇರುತ್ತದೆ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಂಥ ದುಬಾರಿ ನಗರದಲ್ಲೂ ಮನೆ ಸಿಗದೆ ಕುಟುಂಬಗಳು ಹೊರಟು ಸರ್ಕಾರಿ ಶಾಲೆಗಳ ಮಕ್ಕಳ ಸಂಖ್ಯೆ ಇಳಿದಿದೆ. ನಮ್ಮಲ್ಲಿ ಸಂಖ್ಯೆ ಇಳಿದರೆ ‘ವಿಲೀನ’ ಎಂಬ ಆದೇಶ ಬರುತ್ತದೆ, ದೋಷ ಮೇಷ್ಟರ ತಲೆಗೆ ಬರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ನಿಯಮ ಒಂದರಿಂದ ಐದನೇ ತರಗತಿಯವರೆಗೆ 1 ಕಿ.ಮೀ. ಒಳಗೆ ಶಾಲೆ ಇರಬೇಕೆನ್ನುತ್ತದೆ. ಆ ಅಳತೆ ಯಾವ ಮನೆಯಿಂದ ಎಂಬುದೇ ಮುಖ್ಯ.

ಬೆಂಗಳೂರಿನ ನಮಗೂ ಈ ಕಥೆ ದೂರದ್ದಲ್ಲ. ಗುಜರಾತಿನ ಕಾಯ್ದೆಯಂತೆ 1976ರದ್ದೇ ಆದ ನಮ್ಮ ಬಿ.ಡಿ.ಎ. (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕಾಯ್ದೆ ಬಡಾವಣೆಯ ಶೇ 10ರಷ್ಟು ಜಾಗವನ್ನು ನಾಗರಿಕ ಸೌಲಭ್ಯಕ್ಕೆ ಮೀಸಲಿಟ್ಟಿದೆ. ಆ ಸಿ.ಎ. ಸೈಟುಗಳಲ್ಲಿ ಎದ್ದ ಶಾಲೆಗಳಲ್ಲಿ ಅದೇ ಬಡಾವಣೆಯನ್ನು ಕಟ್ಟಿದ ಕಲಬುರಗಿ, ರಾಯಚೂರಿನ ಕೂಲಿಗಳ ಮಕ್ಕಳಿಗೆ ಎಷ್ಟು ಕಡೆ ಬೆಂಚು ಸಿಕ್ಕಿದೆ? ಅವರ ಶೆಡ್ಡು ಕೆಲಸ ಮುಗಿದೊಡನೆ ಮತ್ತೊಂದು ನಿವೇಶನಕ್ಕೆ ಸರಿಯುತ್ತದೆ, ಮಗುವಿನ ವಿದ್ಯೆ ಅಲ್ಲಿಗೆ ತುಂಡಾಗುತ್ತದೆ.

ಆಗಬೇಕಾದ್ದು ಅಸಾಧ್ಯವೇನಲ್ಲ. ಬಡಾವಣೆಗೆ ಅನುಮೋದನೆ ಕೊಡುವ ಮೇಜಿನ ಮುಂದೆ ಶಿಕ್ಷಣ ಇಲಾಖೆಗೂ ಒಂದು ಕುರ್ಚಿ ಇರಲಿ. ಸ್ಥಳಾಂತರಿಸುವ ಕುಟುಂಬದ ಪ್ರತಿ ಮಗುವಿನ ದಾಖಲಾತಿ ಹೊಸ ಶಾಲೆಯಲ್ಲಿ ಮೊದಲು ಆಗಲಿ, ಗುಡಿಸಲು ಆಮೇಲೆ ತೆರವಾಗಲಿ. ಅದೂ ಬೇಸಿಗೆ ರಜೆಯಲ್ಲಿ. ಶಾಲೆಗೆಂದು ಬಿಟ್ಟ ನೆಲದಲ್ಲಿ ಸರ್ಕಾರಿ ಶಾಲೆಯೇ ಮೊದಲು ಏಳಲಿ. ಒಂದು ಶಾಲೆಯನ್ನು ಮುಚ್ಚುವ ಮುನ್ನ ಅಲ್ಲಿಂದ ಹೊರಟ ಮಕ್ಕಳು ಈಗ ಎಲ್ಲಿದ್ದಾರೆಂದು ಹುಡುಕುವುದು ಕಡ್ಡಾಯವಾಗಲಿ. ನೂರು ವರ್ಷಗಳ ಹಿಂದೆ ಮಗುವನ್ನು ಶಾಲೆಗೆ ಕಳಿಸದ ಬಡ ತಂದೆಗೆ ದಂಡ ಹಾಕಿದ ರಾಜ್ಯವ್ಯವಸ್ಥೆ, ಮಗುವಿನಿಂದ ಶಾಲೆಯನ್ನು ದೂರ ಮಾಡಿದ ಯೋಜನೆಯಿಂದಲೂ ಅಷ್ಟೇ ಬಿಗಿಯಾಗಿ ಲೆಕ್ಕ ಕೇಳಬೇಕು.