ಅಂದು ಕೊಳ್ಳುವವರಿಲ್ಲದ ಗಿಟಾರ್, ಇಂದು ಸಂಗ್ರಾಹಕರ ಕಣ್ಮಣಿ

ದೇವಾಲಯಗಳ ನವೀಕರಣ ನಡೆಯುವಾಗ ಗಾಯನ ಮಂಡಳಿಯ ಹಳೆಯ ವಾದ್ಯಗಳೂ ಆಂಪ್ಲಿಫೈಯರ್‌ಗಳೂ ಗುಜರಿ ಸೇರುವುದುಂಟು. ಹಾಗೆ ಕಳುಹಿಸುವ ಮುನ್ನ ಒಮ್ಮೆ ಯೋಚಿಸಬೇಕೆಂದು ನಾವು ಹೇಳುವುದಕ್ಕೆ ಕಾರಣವಿದೆ. ಇಂದು ಅತಿ ಹೆಚ್ಚು ಬೆಲೆಬಾಳುವ ಕೆಲವು ಗಿಟಾರ್‌ಗಳು ತಮ್ಮ ಕಾಲದಲ್ಲಿ ಮಾರಾಟವಾಗದೆ ಸೋತಂಥವು.

ಅಮೆರಿಕದ ಗಿಬ್ಸನ್ ಕಂಪೆನಿ 1958ರಲ್ಲಿ 'ಫ್ಲೈಯಿಂಗ್ ವಿ' ಮತ್ತು 'ಎಕ್ಸ್‌ಪ್ಲೋರರ್' ಎಂಬ ಎರಡು ವಿದ್ಯುತ್ ಗಿಟಾರ್‌ಗಳನ್ನು ಹೊರತಂದಿತು. ಆಗ ಟೆಡ್ ಮೆಕಾರ್ಟಿ ಕಂಪೆನಿಯ ಅಧ್ಯಕ್ಷರಾಗಿದ್ದರು. ಫ್ಲೈಯಿಂಗ್ ವಿ ಬಾಣದ ತುದಿಯಂತಿತ್ತು. ಕುಳಿತು ನುಡಿಸುವಾಗ ತೊಡೆಯಿಂದ ಜಾರದಿರಲೆಂದು ಅದರ ಬದಿಗೆ ರಬ್ಬರ್ ಪಟ್ಟಿ ಅಂಟಿಸಬೇಕಾಯಿತು! ಆ ವಿಚಿತ್ರ ಆಕಾರವನ್ನು ಜನ ಒಪ್ಪಲಿಲ್ಲ. ಕಂಪೆನಿಯ ಲೆಕ್ಕದಂತೆ 1958ರಲ್ಲಿ 81, 1959ರಲ್ಲಿ 17 ಗಿಟಾರ್‌ಗಳು ಮಾತ್ರ ಹೊರಹೋದವು. ಎಕ್ಸ್‌ಪ್ಲೋರರ್ ಅದಕ್ಕಿಂತಲೂ ಕಡಿಮೆ.

ಅದೇ ಕಂಪೆನಿಯ 'ಲೆಸ್ ಪಾಲ್ ಸ್ಟ್ಯಾಂಡರ್ಡ್' ಕತೆಯೂ ಹೀಗೆಯೇ. ಕೆಂಪು-ಹಳದಿ ಬಣ್ಣದ ಈ ಗಿಟಾರ್ 1958ರಿಂದ 1960ರವರೆಗೆ ಎರಡು ಸಾವಿರದಷ್ಟೂ ತಯಾರಾಗಲಿಲ್ಲ. ಮುಂದೆ ಅದರ ಆಕಾರವನ್ನೇ ಬದಲಾಯಿಸಲಾಯಿತು. ಆದರೆ 1966ರಲ್ಲಿ ಎರಿಕ್ ಕ್ಲಾಪ್ಟನ್ ಅದನ್ನು ಧ್ವನಿಮುದ್ರಿಕೆಯಲ್ಲಿ ನುಡಿಸಿದ ಮೇಲೆ ಬೇಡಿಕೆ ಏರಿತು. 1968ರಲ್ಲಿ ಕಂಪೆನಿ ಲೆಸ್ ಪಾಲ್ ತಯಾರಿಕೆಯನ್ನು ಪುನಃ ಆರಂಭಿಸಿತು. ಫ್ಲೈಯಿಂಗ್ ವಿ ಗಿಟಾರಿಗೆ ಆಲ್ಬರ್ಟ್ ಕಿಂಗ್, ಲೋನಿ ಮ್ಯಾಕ್ ಹೆಸರು ತಂದರು. ಇಂದು ಈ ಮೂಲ ಗಿಟಾರ್‌ಗಳಿಗೆ ಒಂದು ಲಕ್ಷ ಡಾಲರಿಗೂ ಮೇಲೆ ಬೆಲೆಯಿದೆ.

ಆಂಪ್ಲಿಫೈಯರ್‌ಗಳ ವಿಷಯದಲ್ಲೂ ಇದೇ ಮಾತು. ಇಂಗ್ಲೆಂಡಿನ ಮಾರ್ಷಲ್ ಕಂಪೆನಿ 1965ರಲ್ಲಿ 18 ವ್ಯಾಟ್‌ನ ಸಣ್ಣ ಆಂಪ್ಲಿಫೈಯರ್ ತಯಾರಿಸಿತು. ದೊಡ್ಡ ವೇದಿಕೆಗಳಿಗೆ ಹೆಚ್ಚಿನ ಶಕ್ತಿ ಬೇಕಾಗಿದ್ದರಿಂದ ಅದು ಬಹುಕಾಲ ನಡೆಯಲಿಲ್ಲ. ಸಂಗ್ರಾಹಕರು ಹುಡುಕತೊಡಗಿದಾಗ 2004ರಲ್ಲಿ ಕಂಪೆನಿಯೇ ಅದನ್ನು ಮರಳಿ ತಂದಿತು.

ಇಲ್ಲಿ ಕರ್ನಾಟಕದ ನಂಟೊಂದಿದೆ. ಆ ಆಂಪ್ಲಿಫೈಯರಿನ ಧ್ವನಿ ಹುಟ್ಟುತ್ತಿದ್ದುದು ಇಎಲ್84 ಮತ್ತು ಇಸಿಸಿ83 ಎಂಬ ಗಾಜಿನ ವಾಲ್ವ್‌ಗಳಿಂದ. ಇದೇ ಬಗೆಯ ವಾಲ್ವ್‌ಗಳನ್ನು ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಸಂಸ್ಥೆಯೂ ತಯಾರಿಸುತ್ತಿತ್ತು. ಟ್ರಾನ್ಸಿಸ್ಟರ್ ಬಂದ ಮೇಲೆ ಅವು ಮೂಲೆಗುಂಪಾದವು. ಈಗ ಬಳಸದೆ ಉಳಿದ ಬಿಇಎಲ್ ವಾಲ್ವ್‌ಗಳನ್ನು ವಿದೇಶಗಳ ಹವ್ಯಾಸಿಗಳೂ ಕೇಳಿ ಕೊಳ್ಳುತ್ತಾರೆ. ಕರಾವಳಿಯ ಮನೆಯಾಗಲಿ, ಆಲಮಟ್ಟಿ ಸಮೀಪದ ನಿಡಗುಂದಿಯ ಮನೆಯಾಗಲಿ, ಅಟ್ಟದ ಮೇಲಿನ ಹಳೆಯ ರೇಡಿಯೊದಲ್ಲಿ ಇಂಥದ್ದೊಂದು ಇರಬಹುದು.

ಸೋತ ವಸ್ತು ಬೆಲೆಬಾಳುವುದೇಕೆ? ಕೆಲವೇ ತಯಾರಾದವು, ಒಬ್ಬ ಒಳ್ಳೆಯ ವಾದಕ ಅದರ ಗುಣ ತೋರಿಸಿದ, ಉಳಿದದ್ದು ಮೂಲ ರೂಪದಲ್ಲೇ ಉಳಿಯಿತು. ಮೂರೂ ಕೂಡಬೇಕು. ಹಳೆಯದಾದ ಮಾತ್ರಕ್ಕೆ ಎಲ್ಲವೂ ನಿಧಿಯಲ್ಲ.

ಆದುದರಿಂದ ಧರ್ಮಕೇಂದ್ರಗಳ ಹೊಣೆ ಹೊತ್ತವರಲ್ಲಿ ನಮ್ಮ ವಿನಂತಿ ಇಷ್ಟೇ. ಹಳೆಯ ವಾದ್ಯಕ್ಕೆ ಹೊಸ ಬಣ್ಣ ಬಳಿಯಬೇಡಿ, ಮೂಲ ಭಾಗಗಳನ್ನು ಎಸೆಯಬೇಡಿ. ತಯಾರಕರ ಹೆಸರು, ಕ್ರಮಸಂಖ್ಯೆ ಮತ್ತು ಕೊಟ್ಟವರ ವಿವರವನ್ನು ಆಸ್ತಿ ಪುಸ್ತಕದಲ್ಲಿ ಬರೆದಿಡಿ. ವಾಲ್ವ್ ಆಂಪ್ಲಿಫೈಯರನ್ನು ನೀವೇ ಬಿಚ್ಚಬೇಡಿ; ಸ್ವಿಚ್ ಆರಿಸಿದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಕೊಳ್ಳುವವರು ಬಂದರೆ ಇಬ್ಬರು ತಿಳಿದವರ ಅಭಿಪ್ರಾಯ ಪಡೆದು, ಪಾಲನಾ ಮಂಡಳಿಯಲ್ಲಿ ಚರ್ಚಿಸಿಯೇ ತೀರ್ಮಾನಿಸಿ.

ಬೆಲೆ ಬಾರದಿದ್ದರೂ ನಷ್ಟವಿಲ್ಲ. ದುರಸ್ತಿಯಾದ ಗಿಟಾರ್ ಕಲಿಯುವ ಮಗುವೊಂದರ ಕೈ ಸೇರಿದರೆ, ಅದನ್ನು ಮಾಡಿದ ಉದ್ದೇಶ ಈಡೇರಿದಂತೆಯೇ.