ಮೊಬೈಲಿಗೆ ಹೇಳಿಕೊಂಡ ಮನಸ್ಸಿನ ಮಾತು



ವಾರದ ಸಭೆಯಲ್ಲಿ ನಾವು ಉಳಿತಾಯ, ಸಾಲ, ಮರುಪಾವತಿ ಎಲ್ಲದರ ಲೆಕ್ಕ ಬರೆಯುತ್ತೇವೆ. ಮನಸ್ಸಿನ ಭಾರದ ಲೆಕ್ಕ ಮಾತ್ರ ಯಾವ ಪುಸ್ತಕದಲ್ಲೂ ಇರುವುದಿಲ್ಲ. “ಯಾರ ಹತ್ರ ಹೇಳ್ಕೊಳ್ಳೋದು? ಹೇಳಿದ್ರೆ ಊರಿಗೆಲ್ಲಾ ಗೊತ್ತಾಗುತ್ತೆ” ಎಂದು ಸುಮ್ಮನಾಗುವವರು ನಮ್ಮಲ್ಲಿ ಬಹಳ ಮಂದಿ. ಈಗ ಕೆಲವರು, ಅದರಲ್ಲೂ ಹರೆಯದ ಮಕ್ಕಳು, ರಾತ್ರಿ ಎಲ್ಲರೂ ಮಲಗಿದ ಮೇಲೆ ತಮ್ಮ ದುಃಖವನ್ನು ಮೊಬೈಲಿಗೆ ಬರೆದು ಹೇಳಿಕೊಳ್ಳುವುದುಂಟು. ಆ ಕಡೆಯಿಂದ ಉತ್ತರವೂ ಬರುತ್ತದೆ. ಆದರೆ ಉತ್ತರ ಕೊಡುವುದು ಮನುಷ್ಯರಲ್ಲ, ಕಂಪ್ಯೂಟರ್. ಇದಕ್ಕೆ ಚಾಟ್‌ಬಾಟ್ ಎನ್ನುತ್ತಾರೆ. ಇದರ ಮಾತನ್ನು ಹೇಗೆ ಹೆಣೆಯುತ್ತಾರೆ, ನಾವು ಎಷ್ಟು ನಂಬಬಹುದು ಎಂದು ತಿಳಿಯೋಣ.

ಶುರುವಾದದ್ದು ಹೇಗೆ?

1966ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಜೋಸೆಫ್ ವೈಜೆನ್‌ಬಾಮ್ ಅವರು ‘ಎಲಿಜಾ’ ಎಂಬ ಪ್ರೋಗ್ರಾಂ ಅನ್ನು ಜನರ ಮುಂದಿಟ್ಟರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುವುದು ಅದರ ಕೆಲಸ. “ನನಗೆ ಬೇಸರ” ಅಂದರೆ “ಯಾಕೆ ಬೇಸರ?” ಎಂಬಂತೆ ಕೇಳುತ್ತಿತ್ತು. ಮಾತಿನ ಅರ್ಥ ಅದಕ್ಕೆ ಏನೂ ಗೊತ್ತಿರಲಿಲ್ಲ. ಆದರೂ ವೈಜೆನ್‌ಬಾಮರ ಕಾರ್ಯದರ್ಶಿ ಅದರ ಜೊತೆ ಸ್ವಲ್ಪ ಮಾತಾಡಿದ ಮೇಲೆ, ನೀವು ಹೊರಗೆ ಹೋಗಿ ಎಂದು ಅವರಿಗೇ ಹೇಳಿದರಂತೆ! ಕೇಳಿಸಿಕೊಳ್ಳುವವರು ಬೇಕು ಎಂಬ ಹಸಿವು ಎಷ್ಟು ದೊಡ್ಡದು ನೋಡಿ.

ಆಮೇಲೆ ನಮ್ಮ ಬೆಂಗಳೂರಿನಲ್ಲೇ ‘ವೈಸಾ’ ಎಂಬ ಚಾಟ್‌ಬಾಟ್ ಹುಟ್ಟಿತು. ಅಮೆರಿಕದಲ್ಲಿ 2017ರಲ್ಲಿ ಬಂದ ‘ವೋಬಾಟ್’ 2025ರ ಜೂನ್‌ನಲ್ಲಿ ನಿಂತುಹೋಯಿತು.

ಮಾತು ಹೆಣೆಯುವ ಕ್ರಮ

ಇಂಥ ಮಾತುಕತೆಯನ್ನು ತಯಾರಿಸುವವರು ಐದು ವಿಷಯ ನೆನಪಿಡಬೇಕಾಗುತ್ತದೆ:

1. “ನಾನು ಮನುಷ್ಯಳಲ್ಲ, ಯಂತ್ರ” ಎಂದು ಮೊದಲೇ ಹೇಳಿಬಿಡಬೇಕು.

2. ಬುದ್ಧಿವಾದಕ್ಕಿಂತ ಮೊದಲು ಕೇಳಿಸಿಕೊಳ್ಳಬೇಕು. “ಇದು ನಿಮಗೆ ತುಂಬಾ ಕಷ್ಟ ಆಗಿದೆ ಅಲ್ವಾ?” ಎಂಬ ಮಾತು ಮುಂದೆ, ಸಲಹೆ ಹಿಂದೆ.

3. ಒಂದು ಸಲಕ್ಕೆ ಒಂದೇ ಪ್ರಶ್ನೆ. ನೊಂದವರಿಗೆ ಉದ್ದದ ಮಾತು ತಲೆಗೆ ಹೋಗುವುದಿಲ್ಲ.

4. ಒಪ್ಪಿಗೆ ಕೇಳಬೇಕು. “ನಿಧಾನವಾಗಿ ಉಸಿರಾಡೋಣವಾ?” ಎಂದು ಕೇಳಿದಾಗ “ಬೇಡ” ಅಂದರೆ ಬಿಟ್ಟುಬಿಡಬೇಕು.

5. ಜೀವಕ್ಕೆ ಅಪಾಯದ ಸೂಚನೆ ಕಂಡರೆ ತಾನೇ ಮಾತು ಬೆಳೆಸದೆ, ಕೂಡಲೇ ಮನುಷ್ಯರ ಸಹಾಯಕ್ಕೆ ದಾರಿ ತೋರಿಸಬೇಕು.

ತಪ್ಪಿದರೆ ಏನಾಗುತ್ತದೆ?

ಅಮೆರಿಕದಲ್ಲಿ ಊಟಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆಯವರಿಗಾಗಿ ‘ಟೆಸ್ಸಾ’ ಎಂಬ ಚಾಟ್‌ಬಾಟ್ ಇತ್ತು. ತೂಕದ ಚಿಂತೆಯಲ್ಲೇ ಊಟ ಬಿಟ್ಟು ಸೊರಗುವವರೂ ಇವರಲ್ಲಿ ಇರುತ್ತಾರೆ. ಅಂಥವರಿಗೆ ಅದು ತೂಕ ಇಳಿಸುವ ಸಲಹೆ ಕೊಟ್ಟಿತು! 2023ರ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಬೇರೆಯವರಿಗೆ ಸಾಮಾನ್ಯವಾದ ಸಲಹೆ ನೊಂದವರಿಗೆ ವಿಷವಾಗಬಹುದು. ಈಗಿನ ಹೊಸ ಯಂತ್ರಗಳು ತಾವೇ ವಾಕ್ಯ ಕಟ್ಟುತ್ತವೆ. ನಾವು ಹೇಳಿದ್ದಕ್ಕೆಲ್ಲ “ಹೌದು ಹೌದು” ಎನ್ನುವ ಗುಣವೂ ಅವುಗಳಲ್ಲಿ ಉಂಟು. ಹಾಗಾಗಿ ಎಚ್ಚರ ಇನ್ನೂ ಹೆಚ್ಚು ಬೇಕು.

ನಮ್ಮ ಭಾಷೆಯ ಕಷ್ಟ ಬೇರೆ ಇದೆ. ನಮ್ಮಲ್ಲಿ ಯಾರೂ “ನನಗೆ ಖಿನ್ನತೆ” ಅನ್ನುವುದಿಲ್ಲ. “ತಲೆ ಭಾರ, ಎದೆ ಹಿಡಿದ ಹಾಗೆ ಆಗುತ್ತೆ, ಊಟ ಸೇರಲ್ಲ” ಅನ್ನುತ್ತೇವೆ. “ಸಾಕಾಗಿದೆ ಈ ಜೀವ”, “ನಾನಿದ್ದು ಯಾರಿಗೆ ಏನು ಪ್ರಯೋಜನ” ಎಂಬ ಮಾತಿನಲ್ಲಿ ಸಾವು ಎಂಬ ಪದವೇ ಇಲ್ಲ, ಆದರೆ ಅಪಾಯ ಇರಬಹುದು. ಯಂತ್ರ ಇದನ್ನು ಬರೀ ಬೇಸರ ಅಂದುಕೊಂಡು ಮುಂದೆ ಹೋಗಬಹುದು. ಪಕ್ಕದಲ್ಲಿ ಕೂತ ಸಹೋದರಿ ಹಾಗೆ ಹೋಗಬಾರದು.

ನಾವೇನು ಮಾಡಬಹುದು?

ಯಂತ್ರಕ್ಕೆ ಕಲಿಸುವ ಆ ಪಾಠಗಳನ್ನು ನಾವೂ ಕಲಿಯೋಣ. ಸಂಘದಲ್ಲಿ ಒಬ್ಬಳು ಕಣ್ಣೀರು ಹಾಕಿದರೆ “ಎಲ್ಲರ ಮನೇಲೂ ಇದ್ದದ್ದೇ, ಸುಮ್ನಿರು” ಅನ್ನದೆ, ಮೊದಲು ಕೇಳಿಸಿಕೊಳ್ಳೋಣ. ಅನುಮಾನ ಬಂದರೆ “ಸಾಯೋ ಯೋಚನೆ ಬರ್ತಿದೆಯಾ?” ಎಂದು ಪ್ರೀತಿಯಿಂದ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದು ಅಂದರೆ ಅವಳನ್ನು ಒಂಟಿಯಾಗಿ ಬಿಡಬೇಡಿ. ಅವಳು ಹೇಳಿದ್ದನ್ನು ಊರಿಗೆ ಹಂಚಬೇಡಿ, ಆದರೆ ಜೀವ ಉಳಿಸಲು ಬೇಕಾದವರಿಗೆ ತಿಳಿಸಿ.

ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416 ಎಂಬ ನಂಬರು 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ ಕರೆ ಮಾಡಬಹುದು, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆ ಇರುವುದು ತರಬೇತಿ ಪಡೆದ ಮನುಷ್ಯರು. ತಕ್ಷಣದ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ.

ಚಾಟ್‌ಬಾಟ್ ಬಳಸುವ ಮಕ್ಕಳನ್ನು ಬೈಯಬೇಡಿ. “ಅದು ಏನಂತು? ನನ್ನ ಹತ್ರಾನೂ ಹೇಳು” ಅನ್ನಿ. ಹೆಸರು, ವಿಳಾಸ, ಆಧಾರ್, ಬ್ಯಾಂಕ್ ವಿವರ ಅದರಲ್ಲಿ ಬರೆಯದಂತೆ ತಿಳಿಸಿ. ಮಾತ್ರೆ ನಿಲ್ಲಿಸುವ ಅಥವಾ ಬದಲಿಸುವ ವಿಷಯವನ್ನು ಡಾಕ್ಟರರ ಹತ್ತಿರವೇ ಕೇಳಬೇಕು. ಮನೆಯವರೆಲ್ಲ ಬಳಸುವ ಫೋನಾದರೆ ಬರೆದದ್ದು ಬೇರೆಯವರ ಕಣ್ಣಿಗೆ ಬೀಳಬಹುದು ಎಂಬುದೂ ನೆನಪಿರಲಿ.

ನಿದ್ದೆ ಬಾರದ ರಾತ್ರಿಯಲ್ಲಿ ಯಂತ್ರ ಸ್ವಲ್ಪ ಸಮಾಧಾನ ಕೊಡಬಹುದು. ಆದರೆ ಬೆಳಿಗ್ಗೆ ಮನೆಗೆ ಬಂದು ಬಾಗಿಲು ತಟ್ಟಲು ಅದಕ್ಕೆ ಆಗದು. ಆ ಕೆಲಸ ನಮ್ಮದು.

ಸಭೆಯಲ್ಲಿ ಚರ್ಚಿಸಿ:
* ನಮ್ಮ ಸಂಘದಲ್ಲಿ ಮನಸ್ಸಿನ ನೋವು ಹೇಳಿಕೊಳ್ಳಲು ಧೈರ್ಯ ಇದೆಯೇ? ಇಲ್ಲದಿದ್ದರೆ ಯಾಕೆ?
* ಎರಡು ಮೂರು ಸಭೆಗೆ ಬಾರದ ಸದಸ್ಯೆಯ ಮನೆಗೆ ಯಾರು ಹೋಗುತ್ತೀರಿ?
* 14416 ನಂಬರನ್ನು ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡಿದ್ದೀರಾ?